ಬಿಳಿ ಗುರಾಣಿ ಕಾಣುವಷ್ಟು ದೂರ

॥ ಶ್ರೀ ॥

ಕಾರ್ಕ್, ಐರ್ಲೆಂಡ್
೨೪ ಜೂನ್ ೨೦೨೫

ಸೌಜನ್ಯ ಅತ್ತಿಗೆಗೆ ಪ್ರವೀಣನ ನಮಸ್ಕಾರಗಳು.

ನಿಮ್ಮ ಫೋನು ಹತ್ತುವುದೇ ಇಲ್ಲ. ವಾಟ್ಸಾಪಿನಲ್ಲಿ ಹಾಕಿದ್ದಕ್ಕೆಲ್ಲ ಒಂದೇ ಟಿಕ್. ಕೊನೆಗೆ ಬ್ರಹ್ಮಾವರದ ನಮ್ಮ ಭಾವ ಗಂಗೊಳ್ಳಿಯವರೆಗೆ ಬಂದು ವಿಚಾರಿಸಿ, "ಅವ್ರ್ ಫೋನ್ ಮುಟ್ಟುದೇ ಇಲ್ಲೆ ಮಾರಾಯ, ಕಾಗ್ದ ಬರಿ" ಅಂದರು. ಕಾಗದ ಬರೆಯದೆ ಎಷ್ಟು ವರ್ಷವಾಯಿತೋ. ಮೇಲೆ ಶ್ರೀ ಬರೆದ ಮೇಲೆ ಮುಂದೇನು ಬರೆಯಬೇಕೆಂದು ಗೊತ್ತಾಗದೆ ಕುಳಿತೇ ಇದ್ದೆ.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ತೆಕ್ಕಟ್ಟೆಯ ಮದುವೆ ಹಾಲ್‌ನಲ್ಲಿ ನಿಮ್ಮ, ಅಕ್ಷಯನ ಮದುವೆಯ ದಿನ ಮೀನು ಮುಟ್ಟದೆ ಬರೀ ಅನ್ನ, ಸಾರು, ಪಾಯಸ ಉಂಡು ಎಲ್ಲರನ್ನೂ ನಗಿಸಿದವನು ನಾನೇ. ಅಕ್ಷಯ್ ಇಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಅಷ್ಟೂ ವರ್ಷ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಂಡವರು. ಅವನು ಬಂಗುಡೆ ಹುರಿಯುವ ದಿನ ನಾನು ಚಳಿಯಲ್ಲೂ ಕಿಟಕಿ ತೆಗೆದು ಕೂರುತ್ತಿದ್ದೆ. "ಭಟ್ರೇ, ಕಿಟಕಿ ಹಾಕಿ, ನ್ಯುಮೋನಿಯಾ ಬಂದ್ರೆ ನಂಗ್ ಪಾಪ" ಅನ್ನುತ್ತಿದ್ದ. ಒಡಹುಟ್ಟಿದ ತಮ್ಮನನ್ನು ನೋಡಿಕೊಂಡ ಹಾಗೆ ನನ್ನನ್ನು ನೋಡಿಕೊಂಡ.

ವಿಷಯಕ್ಕೆ ಬರುತ್ತೇನೆ. ಸಂತೋಷದ ವಿಷಯವೇ. ಮಧ್ಯಯುಗದ ಐರಿಶ್ ಅಧ್ಯಯನದಲ್ಲಿ ಹೊಸಬರು ಬರೆದ ಅತ್ಯುತ್ತಮ ಪ್ರಬಂಧಕ್ಕೆ ಇಲ್ಲಿನ ಒಂದು ವಿದ್ವತ್ ಸಂಘ ವರ್ಷಕ್ಕೊಂದು ಪ್ರಶಸ್ತಿ ಕೊಡುತ್ತದೆ. ಈ ವರ್ಷ ಅದು ಅಕ್ಷಯನ ಪ್ರಬಂಧಕ್ಕೆ. ಹಳೆಯ ಐರಿಶ್ ಕಾನೂನಿನಲ್ಲಿ ಒಂದು ಶಿಕ್ಷೆಯಿತ್ತು. ಕೊಲ್ಲಲೂ ಆಗದ, ಬಿಡಲೂ ಆಗದ ಅಪರಾಧಿಯನ್ನು ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ ಕಡಲಿಗೆ ತಳ್ಳುವುದು. ಎಷ್ಟು ದೂರ? ದಡದಲ್ಲಿ ನಿಂತವರಿಗೆ ಬಿಳಿಯ ಗುರಾಣಿಯೊಂದು ಕಾಣುವಷ್ಟು ದೂರ. ಆಮೇಲೆ ಗಾಳಿಗೆ ಬಿಟ್ಟದ್ದು, ದೇವರಿಗೆ ಬಿಟ್ಟದ್ದು. ಪಂಡಿತರೆಲ್ಲ ಇದು ಬರೀ ಕವಿಮಾತು ಎನ್ನುತ್ತಿದ್ದರು. ಅಲ್ಲ, ಇದು ಕಡಲ ಜನ ದಿನಾ ಬಳಸುವ ನಿಜವಾದ ಅಳತೆ ಎಂದು ತೋರಿಸಿದವನು ಅಕ್ಷಯ್. ಓದುವಾಗ ನನಗೆ ಅವನ ದನಿಯೇ ಕೇಳಿತು.

ಅವನು ಜನವರಿಯಿಂದ ಇಲ್ಲ ಎಂದು ಸಂಘಕ್ಕೆ ತಿಳಿದಿದೆ. ಹಾಗಾಗಿ ಕುಟುಂಬದವರ ಒಂದು ಸಹಿ ಬೇಕು, ಅಷ್ಟೆ. ಜೊತೆಗಿಟ್ಟ ಹಾಳೆಯ ಕೆಳಗೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಅಲ್ಲಿ ಹಾಕಿ ಕಳಿಸಿಬಿಡಿ. ಅಕ್ಟೋಬರ್ ಕೊನೆಯವರೆಗೆ ಸಮಯವಿದೆ. ನಿಮ್ಮ ಅತ್ತೆ ವನಜಮ್ಮನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ,
ಪ್ರವೀಣ


॥ ಶ್ರೀ ॥

ಗಂಗೊಳ್ಳಿ
೧೫ ಜುಲೈ ೨೦೨೫

ಪ್ರವೀಣರಿಗೆ ಸೌಜನ್ಯ ಮಾಡುವ ನಮಸ್ಕಾರ.

ನಿಮ್ಮ ಕಾಗದದಲ್ಲಿ ಶ್ರೀ ಇತ್ತು, ಹಾಗಾಗಿ ನಾನೂ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಕಾಗದ ಬರೆದ ರೂಢಿ ಯಾರಿಗೂ ಇಲ್ಲ, ತಪ್ಪಿದ್ದರೆ ನಗಬೇಡಿ.

ಫೋನನ್ನು ನಾನೇ ಬಂದ್ ಮಾಡಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎತ್ತಿದರೆ ಎಲ್ಲರದ್ದೂ ಒಂದೇ ಮಾತು, "ಎಂತಾರೂ ಗೊತ್ತಾಯ್ತಾ?" ಮುಂಬೈಯವರು, ಮಲ್ಪೆಯವರು, ನನ್ನವರು ಪಾಠ ಮಾಡುತ್ತಿದ್ದ ಕಾಲೇಜಿನವರು. ಗೊತ್ತಾದರೆ ನಾನು ಹೇಳುವುದಿಲ್ಲವೇ? ಊರಿನ ಮೈಕಿಗೆ ಹಾಕಿ ಹೇಳುತ್ತೇನೆ.

ಪ್ರಶಸ್ತಿಯ ಸುದ್ದಿ ಓದಿ ತುಂಬಾ ಸಂತೋಷವಾಯಿತು. ಓದಿದ ಕೂಡಲೇ ಅತ್ತೆಗೆ ಹೇಳಿದೆ. ಅತ್ತೆ ಬೂತಾಯಿ ಮೀನು ಕುಯ್ಯುತ್ತಾ ಕುಳಿತಿದ್ದರು. ಕೈ ನಿಲ್ಲಿಸಿ ಕೇಳಿದ್ದು ಒಂದೇ: "ಅವ ಬಪ್ಪುವರೆಗೆ ಅದನ್ನ್ ಇಟ್ಕಂಡಿರ್ತ್ರಾ?" ಇಟ್ಟುಕೊಳ್ಳುತ್ತಾರೆ ಎಂದೆ. ಈಗ ನಿಮ್ಮನ್ನು ಕೇಳುತ್ತಿದ್ದೇನೆ, ಇಟ್ಟುಕೊಳ್ಳುತ್ತಾರಾ?

ಇನ್ನು ಆ ಸಹಿಯ ವಿಷಯ. ನೀವು "ಕುಟುಂಬದವರ ಸಹಿ, ಅಷ್ಟೆ" ಎಂದು ಬರೆದಿದ್ದೀರಿ. ನಾನು ಬಿ.ಕಾಂ. ಓದಿದವಳು ಪ್ರವೀಣರೇ. ಇಲ್ಲಿನ ಐಸ್ ಪ್ಲಾಂಟಿನಲ್ಲಿ ಲೆಕ್ಕ ನೋಡಿಕೊಳ್ಳುವವಳು. ಸಹಿ ಹಾಕುವ ಮುಂಚೆ ಓದುವುದು ನನ್ನ ಕೆಲಸ. ಆ ಇಂಗ್ಲಿಷಿನಲ್ಲಿ "ಮೃತ ಲೇಖಕರ ವಾರಸುದಾರರು" ಎಂದಿದೆ. ಪೆನ್ಸಿಲ್ ಗುರುತು ಹಾಕುವಾಗ ಅದರ ಮೇಲಿನ ಸಾಲು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿರುತ್ತದೆ. ನನಗೆ ಹೇಳುವ ಧೈರ್ಯ ನಿಮಗೆ ಬರಲಿಲ್ಲ, ಅಲ್ಲವೇ?

ನನ್ನ ಗಂಡ ಕಾಣೆಯಾಗಿದ್ದಾರೆ. ಪೊಲೀಸರೂ ಹಾಗೇ ಬರೆದುಕೊಂಡಿದ್ದಾರೆ. ನನ್ನ ಕೈಯಲ್ಲಿ ಬಳೆ ಇದೆ, ಹಣೆಯಲ್ಲಿ ಕುಂಕುಮ ಇದೆ. ಬೈಂದೂರಿನ ನನ್ನ ತವರಿನವರೂ ಆ ಶಬ್ದ ಆಡುವುದಿಲ್ಲ. ನೀವು ಅಷ್ಟು ದೂರದಿಂದ ಅದನ್ನು ಅಚ್ಚು ಹಾಕಿಸಿ, ಕೆಳಗೆ ನಾನು ಹೆಸರು ಬರೆಯಬೇಕು ಎನ್ನುತ್ತೀರಿ. ಆಗುವುದಿಲ್ಲ. ಅವರು ಬಂದ ಮೇಲೆ ಅವರೇ ಸಹಿ ಹಾಕುತ್ತಾರೆ ಎಂದು ನಿಮ್ಮ ಸಂಘದವರಿಗೆ ತಿಳಿಸಿ. ಹಾಳೆಯನ್ನು ಹಿಂದೆ ಕಳಿಸಿದ್ದೇನೆ.

ಇಲ್ಲಿ ಈಗ ಮಳೆಗಾಲ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಎಲ್ಲ ಕಟ್ಟಿ ಹಾಕಿವೆ. ಪ್ಲಾಂಟಿನಲ್ಲೂ ಕೆಲಸ ಕಡಿಮೆ. ನೀವು ಅಲ್ಲಿ ಊಟ ತಿಂಡಿ ಸರಿಯಾಗಿ ಮಾಡಿ.

ಇಂತಿ,
ಸೌಜನ್ಯ


॥ ಶ್ರೀ ॥

ಕಾರ್ಕ್
೪ ಆಗಸ್ಟ್ ೨೦೨೫

ಸೌಜನ್ಯ ಅತ್ತಿಗೆಗೆ,

ತಪ್ಪಾಯಿತು. ಆ ಸಾಲು ಕಣ್ಣಿಗೆ ಬಿದ್ದಿತ್ತು. ನೀವು ಹೇಳಿದ್ದೇ ಸರಿ, ಧೈರ್ಯ ಬರಲಿಲ್ಲ.

ಸಂಘದ ಅಧ್ಯಕ್ಷೆ ಒಬ್ಬರು ಅಜ್ಜಿ, ಬಹಳ ಒಳ್ಳೆಯವರು. ಅವರ ಹತ್ತಿರ ಮಾತಾಡಿದೆ. ನಿಯಮದಲ್ಲಿ ಇರುವುದು ಎರಡೇ ದಾರಿ. ಲೇಖಕ ಬದುಕಿದ್ದರೆ ಸ್ವಂತ ಕೈಯಲ್ಲಿ ಒಪ್ಪಿಗೆ ಬರೆಯಬೇಕು. ಇಲ್ಲವಾದರೆ ಮನೆಯವರು ಬರೆಯಬೇಕು. ಕಾಣೆಯಾದವರಿಗೆ ಮೂರನೆಯ ದಾರಿ ಯಾರೂ ಮಾಡಿಟ್ಟಿಲ್ಲ. ಅಕ್ಟೋಬರ್ ಮುಗಿದರೆ ಪ್ರಶಸ್ತಿ ಎರಡನೆಯ ಸ್ಥಾನದವನಿಗೆ ಹೋಗುತ್ತದೆ. ಅವನದು ಒಂದು ಹಸ್ತಪ್ರತಿಯ ಅಂಚಿನ ಟಿಪ್ಪಣಿಗಳ ಬಗ್ಗೆ ಒಳ್ಳೆಯ ಪ್ರಬಂಧ, ಇಲ್ಲ ಎನ್ನುವುದಿಲ್ಲ. ಆದರೆ ಅವನು ಜೀವಮಾನದಲ್ಲಿ ಒಂದು ದೋಣಿ ಹತ್ತಿದವನಲ್ಲ.

ನಾನೇಕೆ ಹೀಗೆ ಬೆನ್ನು ಹತ್ತಿದ್ದೇನೆ ಎಂದು ನಿಮಗೆ ಅನಿಸಬಹುದು. ಈ ಪ್ರಶಸ್ತಿ ಬಂದ ಪ್ರಬಂಧವನ್ನು ಪುಸ್ತಕ ಮಾಡುತ್ತಾರೆ, ಮುಂದಿನವರು ಓದುತ್ತಾರೆ. ಬರದಿದ್ದರೆ ಒಂದು ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಹೂತುಹೋಗುತ್ತದೆ. ಗಂಗೊಳ್ಳಿಯ ಒಬ್ಬ ಮೀನುಗಾರರ ಹುಡುಗ ಇಲ್ಲಿಗೆ ಬಂದು, ಇವರ ಹಳೆಯ ಭಾಷೆ ಕಲಿತು, ಇವರ ಕಡಲನ್ನು ಇವರಿಗೇ ವಿವರಿಸಿ ಹೋದ. ಅವನ ಹೆಸರು ಉಳಿಯಬೇಕು ಅತ್ತಿಗೆ. ನನ್ನ ಹೆಸರು ಉಳಿಯುವ ಲಕ್ಷಣ ಕಾಣುವುದಿಲ್ಲ. ಅದು ಬೇರೆ ಕಥೆ, ಬಿಡಿ.

ಆ ಕಾನೂನಿನ ಇನ್ನೊಂದು ತುಂಡು ಅವನು ನಿಮಗೆ ಹೇಳಿದ್ದನೋ ಏನೋ. ಹಾಗೆ ಕಡಲಿಗೆ ಬಿಟ್ಟವರು ಕೆಲವೊಮ್ಮೆ ಗಾಳಿಗೆ ತಿರುಗಿ ದಡಕ್ಕೆ ಬರುತ್ತಿದ್ದರು. ಬಂದವರಿಗೆ ಹಳೆಯ ಸ್ಥಾನಮಾನ ಇರುತ್ತಿರಲಿಲ್ಲ. ದಡದ ಯಜಮಾನನ ಹಿಡಿತದಲ್ಲಿ ಆಳಾಗಿ ಇರಬೇಕಿತ್ತು. ಅಕ್ಷಯ್ ಈ ಭಾಗ ಬರೆಯುವಾಗ ಎರಡು ದಿನ ಅಡುಗೆಮನೆಗೇ ಬಂದಿರಲಿಲ್ಲ.

ಒಂದು ಕೇಳುತ್ತೇನೆ, ಬೈಯಬೇಡಿ. ಆ ಬೆಳಿಗ್ಗೆ ಏನಾಯಿತು? ಭಾವ ಒಂದು ಹೇಳುತ್ತಾರೆ, ಪೇಪರಿನಲ್ಲಿ ಇನ್ನೊಂದು ಬಂದಿತ್ತು. ದಡದಲ್ಲಿ ನಿಂತಿದ್ದವರು ನೀವು. ಸಂಘದವರೂ ಕೇಳುತ್ತಿದ್ದಾರೆ, ನಿಜ. ಅದಕ್ಕಿಂತ ಹೆಚ್ಚು ನನಗೇ ತಿಳಿಯಬೇಕು.

ನಿಮ್ಮ,
ಪ್ರವೀಣ


॥ ಶ್ರೀ ॥

ಗಂಗೊಳ್ಳಿ
೩೦ ಆಗಸ್ಟ್ ೨೦೨೫

ಪ್ರವೀಣರಿಗೆ,

ಆಳಾಗಿ ಬಂದರೂ ಸಾಕು. ಬರಲಿ. ಯಾರ ಮನೆಯಲ್ಲಿ ಜೀತ ಮಾಡುತ್ತಿದ್ದರೂ ನಾನು ಹೋಗಿ ಬಿಡಿಸಿಕೊಂಡು ಬರುತ್ತೇನೆ.

ನೀವು ಕೇಳಿದ್ದನ್ನು ಬರೆಯುತ್ತೇನೆ. ಒಂದೇ ಸಲ. ಇನ್ನೊಮ್ಮೆ ಕೇಳಬೇಡಿ.

ಸಂಕ್ರಾಂತಿ ಕಳೆದ ಮರುವಾರ. ಪ್ರಬಂಧ ಅಚ್ಚಾಗಿಯೂ ಅವರಿಗೆ ಸಮಾಧಾನ ಇರಲಿಲ್ಲ. "ಬಾಯಲ್ಲಿ ಹೇಳಿದ್ದಾಯ್ತು, ಕಣ್ಣಲ್ಲಿ ಕಾಣ್ಕು" ಎನ್ನುತ್ತಿದ್ದರು. ಬಿದಿರು ಬಗ್ಗಿಸಿ ಗುರಾಣಿಯ ಹಾಗೆ ಗುಂಡಗೆ ಕಟ್ಟಿ, ಅದಕ್ಕೆ ಅವರ ಮದುವೆಯ ಬಿಳಿ ಪಂಚೆ ಹೊಲಿದದ್ದು ನಾನೇ. ಬಚ್ಚ ಮಾವ, ಅಂದರೆ ಇವರ ಚಿಕ್ಕಪ್ಪ, ಹೊಲಿಯುವಾಗ ಎದುರೇ ಕುಳಿತು ಬೈಯುತ್ತಿದ್ದರು. "ಓದಿ ಓದಿ ಮಂಡೆ ಹಾಳಾಯ್ತ್ ನಿಂಗೆ. ಹುಟ್ಟ್ ಹಾಕ್ದೆ ಕಡ್ಲಿಗೆ ಹೋಪುದಾ ಯಾರಾರೂ?" ಇವರು ನಗುತ್ತಾ, "ಹುಟ್ಟ್ ದೋಣಿ ಒಳ್ಗೇ ಇರತ್ತ್ ಚಿಕ್ಕಪ್ಪಯ್ಯ, ಹಾಕುದಿಲ್ಲೆ ಅಷ್ಟೆ" ಅಂದರು. ನಾವೆಲ್ಲ ನಗುತ್ತಲೇ ಇದ್ದೆವು.

ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ, ಅದು ನಿಮಗೂ ಗೊತ್ತಿರಬೇಕು. ಆ ಗಾಳಿಯಲ್ಲೇ ಸಣ್ಣ ದೋಣಿ ತಾನಾಗಿ ಹೋಗಲಿ ಎಂದು ಅವರ ಲೆಕ್ಕ. ಗುರಾಣಿ ಎತ್ತಿ ಹಿಡಿದು ದಡದ ಕಡೆ ಮುಖ ಮಾಡಿ ಕೂರುವುದು. ನಾನು ದಡದಲ್ಲಿ ನಿಂತು ಕಾಣುವಷ್ಟು ಹೊತ್ತು ನೋಡುವುದು. ಕಾಣದಾದ ಕೂಡಲೇ ಬಚ್ಚ ಮಾವನಿಗೆ ಹೇಳಿದರೆ ಅವರು ಇಂಜಿನ್ ದೋಣಿಯಲ್ಲಿ ಹೋಗಿ ಕರೆದುಕೊಂಡು ಬರುವುದು. ಇಷ್ಟೇ. ಎಂಟು ಗಂಟೆಗೆ ಮನೆಗೆ ಬಂದು ಕಡುಬು ತಿಂದು ಕಾಲೇಜಿಗೆ ಹೋಗುವವರಿದ್ದರು.

ಹೋಗುವಾಗ ಕೈ ಎತ್ತಿದರು. ಗುರಾಣಿ ಕಾಣುತ್ತಿದೆಯಾ ಎಂದು ಮಾವ ಆಗಾಗ "ಕಾಂತಾ ಇತ್ತಾ?" ಕೇಳುತ್ತಿದ್ದರು. "ಕಾಂತಾ ಇತ್ತ್" ಎನ್ನುತ್ತಿದ್ದೆ. ಮಂಜು ಸ್ವಲ್ಪ ಇತ್ತು. ಗಾಳಿ ಒಮ್ಮೆಲೇ ಜೋರಾಯಿತು. ಮಾವ ಎದ್ದು ನಿಂತು ಹುಬ್ಬಿಗೆ ಕೈ ಅಡ್ಡ ಹಿಡಿದು, "ನಂಗೆ ಕಾಂತಾ ಇಲ್ಲೆ ಹೆಣ್ಣೆ, ನಾನ್ ಹೋತೆ" ಎಂದು ಹೊರಟೇ ಬಿಟ್ಟರು. ಅವರು ತಡ ಮಾಡಲಿಲ್ಲ. ಅವರನ್ನು ಯಾರೂ ಬೈಯಬಾರದು. ಮಧ್ಯಾಹ್ನ ಒಬ್ಬರೇ ಬಂದರು. ಆಮೇಲೆ ಬಂದರಿನ ಎಲ್ಲ ಬೋಟು ಹೋಯಿತು, ಕೋಸ್ಟ್ ಗಾರ್ಡಿನವರು ಬಂದರು. ಸಣ್ಣ ದೋಣಿ ಮರವಂತೆಯ ಹತ್ತಿರ ಕವುಚಿ ಬಿದ್ದದ್ದು ಸಿಕ್ಕಿತು. ಅವರೂ ಇಲ್ಲ, ಗುರಾಣಿಯೂ ಇಲ್ಲ.

ನೀವು ತಿಳಿಯಬೇಕಾದದ್ದು ಇದು. ಮಾವ ಇಂಜಿನ್ ಹಾಕಿ ಹೋಗುವಾಗಲೂ ನನಗೆ ಬಿಳಿ ಕಾಣುತ್ತಿತ್ತು. ಅವರು ಬರಿಗೈಯಲ್ಲಿ ಬಂದಾಗಲೂ ಕಾಣುತ್ತಿತ್ತು. "ಅಲ್ಕಾಣಿ" ಎಂದು ಬೆರಳು ಮಾಡಿ ತೋರಿಸಿದೆ. ಅಲ್ಲಿದ್ದವರೆಲ್ಲ ನೋಡಿದರು. ಒಬ್ಬರು ನೊರೆ ಎಂದರು, ಇನ್ನೊಬ್ಬರು ಹಕ್ಕಿ ಎಂದರು. ಕತ್ತಲಾಗುವವರೆಗೆ ನಾನು ಅಲ್ಲೇ ಇದ್ದೆ. ಕತ್ತಲಾಯಿತು, ಅದಕ್ಕೆ ಕಾಣದಾಯಿತು. ಕತ್ತಲಲ್ಲಿ ಯಾರಿಗೆ ತಾನೇ ಏನು ಕಾಣುತ್ತದೆ?

ನನ್ನ ಕೆಲಸ ಕಾಣದಾದಾಗ ಹೇಳುವುದು. ನಾನು ಈವರೆಗೆ ಹೇಳಿಲ್ಲ. ನಿಮ್ಮ ಸಂಘದ ಅಜ್ಜಿಗೆ ಇದನ್ನು ಓದಿ ಹೇಳಿ. ನನಗೆ ಹುಚ್ಚು ಎಂದರೆ ಅನ್ನಲಿ.

ಪ್ರಶಸ್ತಿ ಆ ಹಸ್ತಪ್ರತಿಯವನಿಗೆ ಹೋಗುವುದಾದರೆ ಹೋಗಲಿ. ಹೆಸರು ಉಳಿಸಿಕೊಂಡು ನಾನೇನು ಮಾಡಲಿ ಪ್ರವೀಣರೇ, ನನಗೆ ಮನುಷ್ಯ ಬೇಕು.

ಇಂತಿ,
ಸೌಜನ್ಯ


॥ ಶ್ರೀ ॥

ಕಾರ್ಕ್
೧೬ ಸೆಪ್ಟೆಂಬರ್ ೨೦೨೫

ಸೌಜನ್ಯ ಅತ್ತಿಗೆಗೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಧ್ಯಕ್ಷೆಗೆ ಓದಿ ಹೇಳಲಿಲ್ಲ. ಹೇಳುವುದಕ್ಕೆ ನನ್ನಿಂದ ಆಗಲಿಲ್ಲ.

ಸಹಿಯ ವಿಷಯ ಇನ್ನು ಎತ್ತುವುದಿಲ್ಲ. ಆಣೆ. ಒಂದು ಫೋಟೋ ಮಾತ್ರ ಕಳಿಸಿ. ಕೊನೆಯ ಸುತ್ತಿಗೆ ಬಂದವರೆಲ್ಲರ ಫೋಟೋವನ್ನೂ ಸಂಘದ ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಪ್ರಶಸ್ತಿ ಬಂದರೂ ಬರದಿದ್ದರೂ. ನನ್ನ ಹತ್ತಿರ ಇರುವುದರಲ್ಲೆಲ್ಲ ಅವನು ಬಾಣಲೆ ಹಿಡಿದುಕೊಂಡೇ ನಿಂತಿದ್ದಾನೆ.

ಇಷ್ಟು ಹೇಳಿ ನಿಲ್ಲಿಸುತ್ತೇನೆ. ಒಂದು ವೇಳೆ, ಯಾವತ್ತಾದರೂ, ನಿಮ್ಮ ಮನಸ್ಸು ಒಪ್ಪಿತು ಎಂದಾದರೆ, ಆ ಶಬ್ದವನ್ನು ನೀವು ಕೈಯಾರೆ ಬರೆಯುವುದು ಬೇಡ. ನಾನೂ ಅಲ್ಲಿಯವನೇ. ನೀವು ಹೇಗೆ ತಿಳಿಸಿದರೂ ನನಗೆ ತಿಳಿಯುತ್ತದೆ. ಮುಂದಿನದ್ದನ್ನು ನಾನು ನೋಡಿಕೊಳ್ಳುತ್ತೇನೆ, ನಿಮ್ಮ ತನಕ ಏನೂ ಬರದ ಹಾಗೆ.

ಇಲ್ಲಿ ಚಳಿ ಶುರುವಾಗಿದೆ. ಕಿಟಕಿ ಹಾಕಿಯೇ ಇರುತ್ತದೆ ಈಗ.

ನಿಮ್ಮ,
ಪ್ರವೀಣ


ಗಂಗೊಳ್ಳಿ
೬ ಅಕ್ಟೋಬರ್ ೨೦೨೫

ಪ್ರವೀಣರಿಗೆ,

ಫೋಟೋ ಇಟ್ಟಿದ್ದೇನೆ. ಕಾಲೇಜಿನ ಗುರುತಿನ ಚೀಟಿಗೆ ತೆಗೆಸಿದ್ದು. ಅತ್ತೆಗೆ ನಾಲ್ಕು ದಿನದಿಂದ ವಿಪರೀತ ಜ್ವರ, ನಿದ್ದೆ ಇಲ್ಲ. ನನಗೂ ಈಗ ಹೆಚ್ಚು ಬರೆಯುವ ಶಕ್ತಿ ಇಲ್ಲ. ನೀವು ಅವರಿಗಾಗಿ ಇಷ್ಟೆಲ್ಲ ಓಡಾಡಿದ್ದೀರಿ, ನಿಮ್ಮ ಉಪಕಾರ ಮರೆಯುವುದಿಲ್ಲ.

ಸೌಜನ್ಯ


ಕಾರ್ಕ್
೨೫ ಅಕ್ಟೋಬರ್ ೨೦೨೫

ಅತ್ತಿಗೆ,

ನಿಮ್ಮ ಕಾಗದ ಮೊನ್ನೆ ತಲುಪಿತು. ಲಕೋಟೆ ಒಡೆದು ಹಾಳೆ ಬಿಡಿಸಿದವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮೇಲೆ ಶ್ರೀ ಇರಲಿಲ್ಲ. ಹಾಳೆಯ ಮೂಲೆ ಹರಿದಿತ್ತು.

ನಾನು ಸಣ್ಣವನಿದ್ದಾಗ, ಯಾರಾದರೂ ತೀರಿಕೊಂಡರೆ, ಬ್ರಹ್ಮಾವರದ ಮನೆಗೆ ಶ್ರೀ ಇಲ್ಲದ ಅಂಥ ಕಾರ್ಡುಗಳು ಬರುತ್ತಿದ್ದವು. ಮೂಲೆ ಹರಿದದ್ದು ಕಂಡರೆ ಅಜ್ಜಿ ಅದನ್ನು ಒಳಗೆ ತರಲು ಬಿಡುತ್ತಿರಲಿಲ್ಲ. ಅಜ್ಜ ಅಂಗಳದಲ್ಲೇ ನಿಂತು ಓದಿ, ಹರಿದು ಹಾಕಿ, ಬಾವಿಕಟ್ಟೆಗೆ ಹೋಗಿ ಸ್ನಾನ ಮಾಡುತ್ತಿದ್ದರು. ಒಳಗೆ ಏನು ಬರೆದಿದೆ ಎಂದು ನಾವು ಯಾರೂ ಕೇಳಬೇಕಿರಲಿಲ್ಲ. ಆ ಶಬ್ದ ಬರೆಯಬೇಡಿ ಎಂದು ನಾನೇ ಹೇಳಿದ್ದೆ. ನೀವು ಬರೆಯಲಿಲ್ಲ. ನನಗೆ ತಿಳಿಯಿತು. ಅದನ್ನು ಹರಿಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು. ನಾನೂ ಒಳಗೆ ಹೋಗಿ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿದೆ.

ಇಷ್ಟು ತಿಂಗಳು ಒಬ್ಬರೇ ಹೊತ್ತಿರಿ ಅತ್ತಿಗೆ. ಇನ್ನು ಇಳಿಸಿ. ಬಾಯಿಬಿಟ್ಟು 'ಅವನು ಹೋದ' ಎನ್ನಲು ನಾನೂ ಇಷ್ಟು ದಿನ ಹೆದರಿದ್ದೆ. ಈಗ ಅಳುತ್ತಿದ್ದೇನೆ, ನಾಚಿಕೆಯೇನೂ ಇಲ್ಲ.

ಸಂಘಕ್ಕೆ ತಿಳಿಸಿದ್ದೇನೆ. ನಿಮ್ಮ ಕಾಗದವನ್ನು ತೋರಿಸಿ, ನಮ್ಮಲ್ಲಿ ಇದರ ಅರ್ಥವೇನೆಂದು ವಿವರಿಸಿದೆ. ಅಧ್ಯಕ್ಷೆ ಬಹಳ ಹೊತ್ತು ಆ ಹರಿದ ಮೂಲೆಯನ್ನೇ ಮುಟ್ಟಿ ನೋಡುತ್ತಿದ್ದರು. ಮನೆಯವರ ಪರವಾಗಿ ನಾನು ಸಹಿ ಹಾಕಿದರೆ ಸಾಕು ಎಂದರು. ಹಾಕಿದೆ. ನವೆಂಬರ್ ೨೧ರಂದು ಸಮಾರಂಭ. ಅವನ ಪರವಾಗಿ ನಾನೇ ತೆಗೆದುಕೊಳ್ಳುತ್ತೇನೆ. ಅದಾದ ಮೇಲೆ ನಾನೂ ಊರಿಗೆ ಬರುವವನೇ. ಇಲ್ಲಿ ನನ್ನ ಕೆಲಸದ ಅವಧಿ ಮುಗಿಯಿತು, ಇವರು ಮುಂದುವರಿಸಲಿಲ್ಲ. ಇದನ್ನು ಇನ್ನೂ ಮನೆಯಲ್ಲಿ ಹೇಳಿಲ್ಲ.

ಭಾವನಿಗೆ ಮಾತ್ರ ಪ್ರಶಸ್ತಿಯ ಸುದ್ದಿ ಕಳಿಸಿದ್ದೇನೆ. ಊರಿನವರಿಗೂ ತಿಳಿಯಲಿ, ನಮ್ಮ ಹುಡುಗ ಏನು ಮಾಡಿ ಹೋದ ಎಂದು. ವನಜಮ್ಮನ ಕಾಲಿಗೆ ನನ್ನ ನಮಸ್ಕಾರ.

ಪ್ರವೀಣ


ಗಂಗೊಳ್ಳಿ
೮ ಡಿಸೆಂಬರ್ ೨೦೨೫

ಪ್ರವೀಣರಿಗೆ,

ನಿಮ್ಮ ಕಾಗದಕ್ಕಿಂತ ಮೊದಲು ಪೇಪರು ಬಂತು. ಕಾಗದ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು, ಪೇಪರು ಬಂದು ಮೂರು ದಿನವಾದ ಮೇಲೆ ಬಂತು. ಮೊದಲು ಬಂದಿದ್ದರೂ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ನಾನು ಪ್ಲಾಂಟಿನಲ್ಲಿದ್ದೆ. ಬೋಟುಗಳಿಗೆ ಐಸ್ ತುಂಬುವ ಗಡಿಬಿಡಿ. ಬಚ್ಚ ಮಾವ ಪೇಪರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ನನ್ನ ಮುಖ ನೋಡಲಿಲ್ಲ. "ಮನಿಗೆ ಹೋಪ ಹೆಣ್ಣೆ" ಅಂದರು. "ಎಂತಕೆ? ಅತ್ತೆಗೆ ಹುಷಾರಿಲ್ಯಾ?" ಎಂದೆ. ಅವರು ಪೇಪರು ಕೊಟ್ಟರು. ನಾನು ನಿಮಗೆ ಕಳಿಸಿದ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ "ದಿವಂಗತ ಡಾ. ಅಕ್ಷಯ್‌ಗೆ ಐರ್ಲೆಂಡಿನ ವಿದ್ವತ್ ಪ್ರಶಸ್ತಿ". ನಿಮ್ಮ ಭಾವ ಕೊಟ್ಟ ಸುದ್ದಿಯಂತೆ.

ಮನೆಗೆ ಬರುವಾಗ ಅಂಗಳದಲ್ಲಿ ಹೆಂಗಸರು ಕುಳಿತಾಗಿತ್ತು. ಪ್ರವೀಣರೇ, ಇಡೀ ಗಂಗೊಳ್ಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಆದರೆ ಈ ಹತ್ತು ತಿಂಗಳು ಇಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾನು ಹೂ ಮುಡಿದು ಹೋದರೆ ಮುಖ ತಿರುಗಿಸದೆ ಮಾತಾಡಿಸುತ್ತಿದ್ದರು. ಮದುವೆಗೆ ಕರೆಯುತ್ತಿದ್ದರು, ಅರಿಶಿನ ಕುಂಕುಮ ಕೊಡುತ್ತಿದ್ದರು. ಯಾರೂ ಹೇಳದಿದ್ದರೆ ನಾನು ಹಾಗೇ ಇದ್ದುಬಿಡುತ್ತಿದ್ದೆ, ಸಾಯುವವರೆಗೂ ಇರುತ್ತಿದ್ದೆ. ಯಾರಿಗೆ ಏನು ತೊಂದರೆ ಇತ್ತು? ಹೇಳಿದವರು ನೀವು, ಅದೂ ಅಚ್ಚು ಹಾಕಿಸಿ.

ಅತ್ತೆ ಬೊಬ್ಬೆ ಹೊಡೆದು ಅತ್ತರು. ಅಷ್ಟು ದಿನ ನನಗೋಸ್ಕರ ತಡೆದುಕೊಂಡಿದ್ದರಂತೆ. "ನನ್ ಮಗನಿಗಾಗಿ ಅಳುಕೂ ಬಿಡ್ಲಿಲ್ಲೆ ನೀನ್" ಎಂದು ನನ್ನ ಬೆನ್ನಿಗೆ ಗುದ್ದಿದರು, ಆಮೇಲೆ ನನ್ನನ್ನೇ ತಬ್ಬಿಕೊಂಡರು. ಪಕ್ಕದ ಮನೆಯ ಚಂದ್ರಮತಿ ಅಕ್ಕ ನನ್ನನ್ನು ಹೊಸ್ತಿಲ ಹತ್ತಿರ ಕೂರಿಸಿ ಬಳೆ ಒಡೆದರು. ಅವರಿಗೂ ಇಷ್ಟವಿರಲಿಲ್ಲ, ಕೈ ಹಿಡಿದುಕೊಂಡು ಅಳುತ್ತಲೇ ಒಡೆದರು. ನಾನು ಬೇಡ ಎನ್ನಲಿಲ್ಲ. ಪೇಪರಿನಲ್ಲಿ ಬಂದ ಮೇಲೆ ಬೇಡ ಎಂದರೆ ಯಾರು ಕೇಳುತ್ತಾರೆ?

ಆಮೇಲೆ ನಿಮ್ಮ ಕಾಗದ ಬಂತು. ಮೂಲೆ, ಶ್ರೀ, ನಿಮ್ಮ ಅಜ್ಜ, ಬಾವಿಕಟ್ಟೆ, ಎಲ್ಲ ಓದಿದೆ. ಎರಡೆರಡು ಸಲ ಓದಿದ ಮೇಲೆ ಅರ್ಥವಾಯಿತು. ನಿಮ್ಮಂಥ ಮನೆಗಳಲ್ಲಿ ಹಾಗೊಂದು ಶಾಸ್ತ್ರ ಇದೆ ಎಂದು ನಾನು ಕೇಳಿದ್ದೇ ಇಲ್ಲ. ನಮ್ಮಲ್ಲಿ ಸಾವಿಗೆ ಯಾರು ಕಾಗದ ಬರೆಯುತ್ತಾರೆ? ದಡದಲ್ಲಿ ನಿಂತು ಕೂಗುತ್ತಾರೆ, ಕೇಳಿದವರು ಓಡುತ್ತಾರೆ. ಆ ಕಾಗದ ಬರೆದ ದಿನ ಅತ್ತೆಗೆ ಜ್ವರ ಇಳಿಯುತ್ತಿರಲಿಲ್ಲ. ಚಂದ್ರಮತಿ ಅಕ್ಕ ಕುಂದಾಪುರಕ್ಕೆ ಹೊರಟು ಬಾಗಿಲಲ್ಲಿ ನಿಂತು, "ಮಾತ್ರೆ ಹೆಸ್ರ್ ಬರ್ದ್ ಕೊಡ್, ಬಸ್ ಬಂತ್" ಎಂದು ಅವಸರ ಮಾಡಿದರು. ಕೈಯಲ್ಲಿದ್ದದ್ದು ನಿಮಗೆ ಬರೆಯುತ್ತಿದ್ದ ಹಾಳೆ. ಅದರ ಮೂಲೆ ಹರಿದು ಬರೆದು ಕೊಟ್ಟೆ. ಶ್ರೀ ಬರೆದದ್ದು ಆ ಮೂಲೆಯಲ್ಲೇ. ಇನ್ನೊಂದು ಹಾಳೆ ತೆಗೆದು ಮತ್ತೆ ಬರೆಯಲು ನನಗೆ ತ್ರಾಣ ಇರಲಿಲ್ಲ.

ಇಷ್ಟೇ ಆದದ್ದು. ಒಂದು ಮಾತ್ರೆಯ ಹೆಸರಿಗೆ.

ನಿಮ್ಮನ್ನು ಬೈಯುತ್ತಾ ಎಷ್ಟೋ ಹಾಳೆ ಬರೆದೆ, ಒಲೆಗೆ ಹಾಕಿದೆ. ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಒಂದು ಸಲ, ಒಂದೇ ಒಂದು ಸಲ, ಮತ್ತೊಂದು ಕಾಗದ ಬರೆದು ಕೇಳಬಹುದಿತ್ತಲ್ಲ ನೀವು? ಭಾವನನ್ನು ಕಳಿಸಬಹುದಿತ್ತಲ್ಲ? ಅಕ್ಟೋಬರ್ ಮುಗಿದರೆ ಮುಗಿಯಲಿ ಎನ್ನಬಹುದಿತ್ತಲ್ಲ?

ದೇಹ ಸಿಗದವರಿಗೆ ಮಾಡುವ ಹಾಗೆ ದರ್ಭೆಯಲ್ಲಿ ಒಂದು ಆಕೃತಿ ಮಾಡಿ ಸುಟ್ಟರು. ಬಚ್ಚ ಮಾವ ಬೆಂಕಿ ಕೊಟ್ಟರು. ಮೊನ್ನೆ ಉತ್ತರಕ್ರಿಯೆಯ ಬೊಜ್ಜವೂ ಮುಗಿಯಿತು. ಬೈಂದೂರಿನಿಂದ ನನ್ನ ಅಣ್ಣ ಬಂದು ಕರೆದ, ಹೋಗಲಿಲ್ಲ. ಅತ್ತೆ ಇಲ್ಲಿದ್ದಾರೆ.

ಒಂದು ವಿಷಯ ನಿಮಗೆ ತಿಳಿಸಬೇಕು, ಅದಕ್ಕೇ ಈ ಕಾಗದ. ದರ್ಭೆ ಕಟ್ಟುವ ಮುಂಚೆ ಭಟ್ಟರು ಹೋದ ದಿನ ಯಾವುದು ಎಂದು ಕೇಳಿದರು. ವರ್ಷ ವರ್ಷ ತಿಥಿ ಮಾಡಲು ಬೇಕಲ್ಲ. ಬಚ್ಚ ಮಾವ ಜನವರಿಯ ಆ ದಿನ ಹೇಳಿದರು. ನಾನು ಅಲ್ಲ ಎಂದೆ. ಆ ದಿನ ನಾನು ಅವರನ್ನು ಕಂಡಿದ್ದೇನೆ, ಕಂಡ ದಿನವನ್ನು ಹೋದ ದಿನ ಎಂದು ಹೇಗೆ ಹೇಳಲಿ? ಮರುದಿನವಾ ಎಂದರು. ಗೊತ್ತಿಲ್ಲ ಎಂದೆ. ದೋಣಿ ಸಿಕ್ಕಿದ ದಿನವಾ ಎಂದರು. ದೋಣಿ ಸಿಕ್ಕಿದ್ದು, ಅವರಲ್ಲ ಎಂದೆ. ಭಟ್ಟರಿಗೂ ಬೇಸರ ಬಂತು. "ದಿನ ಗೊತ್ತಿಲ್ಲದಿದ್ರೆ ಸುದ್ದಿ ಕೇಂಡ ದಿನವೇ ತಿಥಿ. ಸುದ್ದಿ ಯಾವತ್ತ್ ಕೇಂಡದ್ದ್ ಅಮ್ಮ?" ಅಂದರು.

ಭಾನುವಾರ ಎಂದೆ. ಪೇಪರಿನಲ್ಲಿ ಬಂತು ಎಂದೆ.

ಪಂಚಾಂಗ ನೋಡಿ ಮಾರ್ಗಶಿರ ಶುದ್ಧ ತದಿಗೆ ಎಂದರು. ನನ್ನ ಗಂಡ ತೀರಿಕೊಂಡದ್ದು ಆ ದಿನ, ಪ್ರಶಸ್ತಿ ಬಂದ ಸುದ್ದಿಯ ದಿನ. ಇನ್ನು ಪ್ರತಿ ವರ್ಷ ನಾವು ಎಡೆ ಇಡುವುದು ಆ ದಿನವೇ. ಅವರ ಒಡಹುಟ್ಟಿದ ತಮ್ಮನ ಹಾಗೆ ನೀವು ಎಂದು ಬರೆದಿದ್ದಿರಿ, ಹಾಗಾಗಿ ತಿಳಿಸುತ್ತಿದ್ದೇನೆ. ನೀವು ಎಲ್ಲೇ ಇರಿ, ಆ ದಿನ ಒಂದು ಹೊತ್ತು ಉಪವಾಸ ಇರಿ.

ಸೌಜನ್ಯ